ಕೊನೆಯ ಪಯಣದ ಹೂಗಳು

ನಮ್ಮೂರ ಪೇಟೆಯ ಹೂವಿನ ಸಾಲಿಗೆ ಬೆಳಗಿನ ಐದು ಗಂಟೆಗೆ ಹೋಗಿ ನಿಂತು, "ಹತ್ತು ಮಾರು ಚೆಂಡುಹೂವಿನ ಸರ ಬೇಕು" ಎಂದು ಕೇಳಿ ನೋಡಿ. ಹೂವಾಡಗಿತ್ತಿ ಬೆಲೆ ಹೇಳುವುದಕ್ಕೆ ಮೊದಲು ನಿಮ್ಮ ಮುಖವನ್ನೊಮ್ಮೆ ನೋಡುತ್ತಾಳೆ; ದನಿ ತಗ್ಗಿಸಿ, "ಯಾವುದಕ್ಕೆ ಸ್ವಾಮಿ? ಶುಭಕ್ಕೋ, ಇಲ್ಲಾ..." ಎಂದು ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಾಳೆ. ಉಳಿದರ್ಧವನ್ನು ನಾವೇ ತಲೆಯಾಡಿಸಿ ಪೂರೈಸಬೇಕು. ಮದುವೆಗೆಂದರೆ ಅವಳು ಕೇಳುವ ಮಾತುಗಳಿಗೆ ಲೆಕ್ಕವಿಲ್ಲ: ಎಷ್ಟು ಮೊಳ, ಯಾವ ಬಣ್ಣ, ನಡುವೆ ಗುಲಾಬಿ ಇರಲೋ ಬೇಡವೋ, ಕೊನೆಗೆ ಕುಚ್ಚು ಹೇಗಿರಬೇಕು. ಸಾವಿಗೆಂದರೆ ಅವಳಿಗೂ ಮಾತಿಲ್ಲ, ನಮಗೂ ಮಾತಿಲ್ಲ. ಇದ್ದುದನ್ನು ಬಾಳೆಯೆಲೆಯಲ್ಲಿ ಸುತ್ತಿ ಕೊಡುತ್ತಾಳೆ. ನಾವು ಚಿಲ್ಲರೆಯನ್ನು ಎಣಿಸದೆ ಜೇಬಿಗಿಟ್ಟುಕೊಂಡು ಬರುತ್ತೇವೆ.

ಸಂಗೀತ, ನಾಟಕ, ಕೃಷಿಕರ ಕಾರ್ಯಕ್ರಮಗಳ ವಿವರವಿರುವ ಈ ಪತ್ರಿಕೆಯಲ್ಲಿ ಇದೆಂಥ ಅಮಂಗಳದ ಮಾತೆಂದು ಪುಟ ತಿರುವಬೇಡಿ. ಹುಟ್ಟಿದ ಮನೆಯಲ್ಲಿ ತೊಟ್ಟಿಲು ಕಟ್ಟುವುದನ್ನು ಅಜ್ಜಿಯಂದಿರು ಹೇಳಿಕೊಡುತ್ತಾರೆ. ಮದುವೆಯ ಮನೆಯಲ್ಲಿ ಚಪ್ಪರ ಕಟ್ಟುವುದನ್ನು ಹತ್ತು ಮಂದಿ ಹೇಳಿಕೊಡುತ್ತಾರೆ. ತೀರಿಕೊಂಡವರ ಸುತ್ತ ನಾಲ್ಕು ಹೂವನ್ನು ಹೇಗೆ ಇಡಬೇಕೆಂಬುದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಆ ಗಳಿಗೆಯಲ್ಲಿ ಕಲಿಯೋಣವೆಂದರೆ ಮನಸ್ಸು ಸ್ಥಿಮಿತದಲ್ಲಿರುವುದಿಲ್ಲ. ಆದುದರಿಂದ ಮನೆಯಲ್ಲಿ ಎಲ್ಲರೂ ಕ್ಷೇಮವಾಗಿರುವ ಒಂದು ದಿನ ಇದನ್ನು ಓದಿಟ್ಟುಕೊಳ್ಳುವುದು ಒಳ್ಳೆಯದು.

ನನಗೆ ಈ ವಿಷಯದಲ್ಲಿ ಕಣ್ಣು ತೆರೆದದ್ದು ನನ್ನ ತಪ್ಪಿನಿಂದಲೇ. ಹಳಗನ್ನಡವನ್ನು ನನ್ನ ನಾಲಗೆಗೆ ಕಲಿಸಿದ ಗುರುಗಳು ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಶಿಷ್ಯಕೋಟಿ ದೊಡ್ಡದು. ಸಂಘದವರು, ಶಾಲೆಯವರು, ಹಳೆಯ ವಿದ್ಯಾರ್ಥಿಗಳು ಎಲ್ಲರೂ ಪುಷ್ಪಚಕ್ರ ತಂದರು. ನಾವೂ ನಮ್ಮ ತರಗತಿಯ ಹೆಸರನ್ನು ಹೊಂಬಣ್ಣದ ಅಕ್ಷರದಲ್ಲಿ ಬರೆಸಿದ ಪಟ್ಟಿಯೊಂದಿಗೆ ಮೂರಡಿ ಅಗಲದ ಚಕ್ರವೊಂದನ್ನು ತೆಗೆದುಕೊಂಡು ಹೋದೆವು. ಅದರ ಮೇಲೆ ಗಾಜಿನಂಥ ಪ್ಲಾಸ್ಟಿಕ್ ಹೊದಿಕೆ ಬೇರೆ. ಹತ್ತು ಗಂಟೆಯ ಹೊತ್ತಿಗೆ ಹೂವಿನ ರಾಶಿ ಕಾಲಿನಿಂದ ಏರಿ ಏರಿ ಕೊರಳನ್ನು ದಾಟಿತು. ತಲೆಯ ಬಳಿ ಕುಳಿತಿದ್ದ ಎಂಬತ್ತು ವರ್ಷದ ಅಮ್ಮನವರು ಹಿತ್ತಿಲ ಮರದ ದೇವಕಣಗಿಲೆ ಹೂವೊಂದನ್ನು ಕೈಯಲ್ಲಿ ಹಿಡಿದುಕೊಂಡು, ಅದನ್ನಿಡಲು ಜಾಗ ಕಾಣದೆ, "ಅವರ ಕೈ ಎಲ್ಲಪ್ಪಾ?" ಎಂದು ಕೇಳಿದರು. ಐವತ್ತು ವರ್ಷ ಸೀಮೆಸುಣ್ಣ ಹಿಡಿದ ಆ ಕೈಯ ಮೇಲೆ ನಮ್ಮ ಹೊಂಬಣ್ಣದ ಪಟ್ಟಿ ಬಿದ್ದಿತ್ತು. ಯಾರೋ ಹುಡುಗ ಎದ್ದುಬಂದು ಮೂರು ಚಕ್ರಗಳನ್ನು ಪಕ್ಕಕ್ಕಿಟ್ಟ. ಅಂದು ನಾಚಿಕೆಯಿಂದ ನಾನು ತಲೆಯೆತ್ತಲಿಲ್ಲ. ಆಮೇಲೆ ಹೂ ಮಾರುವವರನ್ನು, ಹೂ ಬೆಳೆಯುವವರನ್ನು, ಚರ್ಚಿನ ಬಳಿ ಚಕ್ರ ಕಟ್ಟುವವರನ್ನು ಕೇಳಿ ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಸತ್ತವರಿಗೆ ಹೂವಿನ ಗೌರವ ನಮ್ಮಲ್ಲಿ ಹೊಸದೇನಲ್ಲ. ಹಳಗನ್ನಡದಲ್ಲಿ ಪೂಮಳೆ ಎಂಬ ಮಾತುಂಟು. ದೇವತೆಗಳು ಆಕಾಶದಿಂದ ಸುರಿಸುವ ಹೂವಿನ ಮಳೆ ಅದು. ಊರ ಹೊರಗೆ ನಿಂತಿರುವ ವೀರಗಲ್ಲುಗಳನ್ನು ನೋಡಿ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾಳಗ, ಮೇಲೆ ಶಿವಲಿಂಗದ ಸನ್ನಿಧಿ. ನಡುವಣದರಲ್ಲಿ ಸುರಕನ್ನೆಯರು ವೀರನನ್ನು ಇಕ್ಕೆಲದಲ್ಲಿ ಹಿಡಿದು, ಕೆಲವೆಡೆ ವಿಮಾನದಲ್ಲಿ ಕುಳ್ಳಿರಿಸಿ, ಒಯ್ಯುತ್ತಾರೆ. ಲಿಂಗಾಯತರ ಮನೆಗಳಲ್ಲಿ ಲಿಂಗೈಕ್ಯರಾದವರನ್ನು ಕುಳ್ಳಿರಿಸಿ ಹೂವಿನಿಂದ ಸಿಂಗರಿಸಿ ಒಯ್ಯುವ ಮಂಟಪಕ್ಕೂ ವಿಮಾನವೆಂದೇ ಹೆಸರು. ಆ ಶಿಲ್ಪಿಯ ಜಾಣತನವನ್ನು ಗಮನಿಸಬೇಕು. ಎಷ್ಟೇ ಅಲಂಕಾರ ಮಾಡಿದರೂ ವೀರನ ಮುಖಕ್ಕೆ ಅಡ್ಡ ಬರುವ ಒಂದು ಎಸಳನ್ನೂ ಅವನು ಕಡೆಯುವುದಿಲ್ಲ.

ಇನ್ನು ಮುಸಲ್ಮಾನರ ಗೋರಿಯ ಮೇಲೆ ಹೊದಿಸುವ ಹೂವಿನ ಚಾದರವನ್ನೂ, ನವೆಂಬರ್ 2ರಂದು ಕ್ರೈಸ್ತರು ತಮ್ಮ ಹಿರಿಯರ ಸಮಾಧಿಗಳನ್ನು ಹೂ ಮತ್ತು ಮೊಂಬತ್ತಿಗಳಿಂದ ಅಲಂಕರಿಸುವುದನ್ನೂ ನೀವು ಬಲ್ಲಿರಿ. ಪುಷ್ಪಚಕ್ರ ನಮಗೆ ಬಂದದ್ದು ಐರೋಪ್ಯರಿಂದ. ಮೊದಲೂ ಕೊನೆಯೂ ಇಲ್ಲದ ವೃತ್ತವೆಂಬುದು ಅದರ ಅರ್ಥ. ಅರ್ಥ ಒಳ್ಳೆಯದೇ, ಅದು ಮೂರಡಿ ಅಗಲವಾಗಿರಲೇಬೇಕೆಂದು ಮಾತ್ರ ಯಾರೂ ಹೇಳಿಲ್ಲ.

ಸಾವಿನ ಮನೆಗೆ ನಾವು ತರುವ ಹೂಗಳ ಚರಿತ್ರೆಯೇ ಒಂದು ಸೋಜಿಗ. ನಮ್ಮದೇ ಎಂದು ತಿಳಿದಿರುವ ಚೆಂಡುಹೂವಿನ ತವರು ಮೆಕ್ಸಿಕೋ. ಇಂಗ್ಲಿಷಿನವರು ಅದರ ದೊಡ್ಡ ಜಾತಿಗೆ ಆಫ್ರಿಕದ ಹೆಸರನ್ನೇಕೆ ಅಂಟಿಸಿದರೋ! ಐರೋಪ್ಯರ ಹಡಗುಗಳು ಸಮುದ್ರಗಳನ್ನು ದಾಟತೊಡಗಿದ ಮೇಲೆ ಅದು ಇತ್ತ ಬಂದಿತು. ಮೆಕ್ಸಿಕೋದಲ್ಲಿ ನವೆಂಬರ್ 1 ಮತ್ತು 2 ಸತ್ತವರನ್ನು ನೆನೆಯುವ ದಿನಗಳು. ನಮ್ಮ ಪಿತೃಪಕ್ಷದ ಹಾಗೆಂದು ಇಟ್ಟುಕೊಳ್ಳಿ. ಅಲ್ಲಿನವರು ಸ್ಮಶಾನದಿಂದ ಮನೆಯವರೆಗೆ ಚೆಂಡುಹೂವಿನ ಎಸಳುಗಳನ್ನು ಚೆಲ್ಲಿ ದಾರಿ ಮಾಡುತ್ತಾರೆ. ಹಿರಿಯರ ಆತ್ಮಗಳು ಆ ಬಣ್ಣವನ್ನೂ ಆ ವಾಸನೆಯನ್ನೂ ಹಿಡಿದು ಮನೆಗೆ ಬರುವವೆಂದು ನಂಬಿಕೆ. ನಾವು ಅದೇ ಹೂವನ್ನು ಚೆಲ್ಲುತ್ತ ಮನೆಯಿಂದ ಸ್ಮಶಾನದ ಕಡೆಗೆ ನಡೆಯುತ್ತೇವೆ. ಎರಡು ಜನಾಂಗ, ಒಂದೇ ಹೂ, ಒಂದೇ ದಾರಿ. ನಡಿಗೆಯ ದಿಕ್ಕು ಮಾತ್ರ ಬೇರೆ.

ಸುಗಂಧರಾಜವೂ ಆ ದೇಶದ್ದೇ. ಅಲ್ಲಿನ ಮೂಲನಿವಾಸಿಗಳ ನಹುವಾತ್ಲ್ ಭಾಷೆಯಲ್ಲಿ ಅದರ ಹೆಸರು ಓಮಿಶೋಚಿತ್ಲ್, ಎಂದರೆ ಎಲುಬಿನ ಹೂ. ಮೊಗ್ಗಿನ ಆ ಬಿಳುಪನ್ನೂ ನುಣುಪನ್ನೂ ನೋಡಿ ಹಾಗೆ ಕರೆದಿರಬೇಕು. ಪಂಡಿತರಿಗೆ ಇಂಥ ಹೊತ್ತಿನಲ್ಲಿಯೂ ಶಬ್ದದ ಕಡೆಗೆ ಕಣ್ಣು ಹೋಗುವುದು ತಪ್ಪದು: ಹಿಂದಿಯಲ್ಲಿ ದಹನದ ತರುವಾಯ ಅಸ್ಥಿ ಆಯುವುದನ್ನು ಫೂಲ್ ಚುನ್‌ನಾ, ಅಂದರೆ ಹೂ ಆಯುವುದು, ಎನ್ನುತ್ತಾರೆ. ಅಲ್ಲಿ ಹೂವನ್ನು ಎಲುಬೆಂದರು, ಇಲ್ಲಿ ಎಲುಬನ್ನು ಹೂವೆಂದರು. ಒಬ್ಬರನ್ನೊಬ್ಬರು ಕಂಡರಿಯದವರು ಒಂದೇ ರೂಪಕವನ್ನು ಎರಡು ತುದಿಯಿಂದ ಹಿಡಿದರು.

ಗುರುಪತ್ನಿಯವರ ಕೈಯಲ್ಲಿದ್ದ ದೇವಕಣಗಿಲೆಯೂ ಅಮೆರಿಕ ಖಂಡದ ಉಷ್ಣಪ್ರದೇಶದ ಮರ. ಕೆಲವೆಡೆ ಇದನ್ನು ಗೋಸಂಪಿಗೆ ಎನ್ನುವರು. ಸಸ್ಯಶಾಸ್ತ್ರದಲ್ಲಿ ಇದರ ಕುಲಕ್ಕೆ ಪ್ಲೂಮೇರಿಯ ಎಂದು ಹೆಸರಾದದ್ದು ಶಾರ್ಲ್ ಪ್ಲೂಮಿಯೇ ಎಂಬ ಫ್ರೆಂಚ್ ಸಂನ್ಯಾಸಿ-ಸಸ್ಯಶಾಸ್ತ್ರಜ್ಞನಿಂದ. ಇದರ ಕೊಂಬೆಯನ್ನು ಕಡಿದು ಬಿಸುಟರೆ ಬಿದ್ದಲ್ಲಿಯೇ ಚಿಗುರುವುದುಂಟು, ಬೋಳುಗೊಂಬೆಯ ತುದಿಯಲ್ಲಿಯೇ ಹೂ ಬಿಡುವುದುಂಟು. ದೇಗುಲದ ಅಂಗಳದಲ್ಲಿಯೂ ಗೋರಿಗಳ ನಡುವೆಯೂ ಇದನ್ನು ನೆಟ್ಟವರು ಈ ಗುಣವನ್ನು ಕಂಡೇ ನೆಟ್ಟಿರಬೇಕು. ಇದಕ್ಕೊಂದು ಕಪಟವೂ ಉಂಟು. ಇರುಳಿನಲ್ಲಿ ಕಂಪನ್ನು ಬೀರಿ ದೊಡ್ಡ ಪತಂಗಗಳನ್ನು ಕರೆಯುತ್ತದೆ. ಬಂದವಕ್ಕೆ ಒಳಗೆ ಒಂದು ಹನಿ ಮಕರಂದವೂ ಇಲ್ಲ!

ಕಾಶಿಕಣಗಿಲೆ ಅಥವಾ ನಿತ್ಯಪುಷ್ಪದ ಕಥೆ ಇದಕ್ಕಿಂತ ದೊಡ್ಡದು. ಮಡಗಾಸ್ಕರ್ ದ್ವೀಪದ ಈ ಪುಟ್ಟ ಗಿಡ ನೀರಿಲ್ಲದ ನೆಲದಲ್ಲಿಯೂ ಬದುಕುವುದರಿಂದ ಸ್ಮಶಾನಗಳಲ್ಲಿ ತಾನಾಗಿ ಹಬ್ಬಿತು. ತಮಿಳರು ಇದನ್ನು ಸುಡುಕಾಟ್ಟು ಮಲ್ಲಿ, ಸುಡುಗಾಡಿನ ಮಲ್ಲಿಗೆ, ಎಂದೇ ಕರೆಯುತ್ತಾರೆ. ಮಲೆಯಾಳದಲ್ಲಿಯೂ ಇದಕ್ಕೆ ಶವಕ್ಕೋಟ್ಟಪ್ಪಚ್ಚ ಎಂದು ಸ್ಮಶಾನದ ಹೆಸರೇ.  ಹೀಗೆ ಎರಡು ನಾಡಿನವರು ಸಾವಿನ ಹೂವೆಂದು ದೂರವಿಟ್ಟ ಈ ಗಿಡದಿಂದಲೇ 1950ರ ದಶಕದ ಕೊನೆಗೆ ಕೆನಡದ ವಿಜ್ಞಾನಿಗಳು ವಿನ್‌ಬ್ಲಾಸ್ಟಿನ್ ಎಂಬ ಮದ್ದನ್ನು ಬೇರ್ಪಡಿಸಿದರು. ಬಳಿಕ ದೊರೆತ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತದ ಅರ್ಬುದಕ್ಕೆ ಇಂದಿಗೂ ಕೊಡುವ ಮುಖ್ಯ ಔಷಧಿಗಳಲ್ಲೊಂದು. ಸುಡುಗಾಡಿನ ಹೆಸರು ಹೊತ್ತ ಹೂವಿನ ಗಿಡ ಮಗುವನ್ನು ಚಟ್ಟದಿಂದ ಇಳಿಸುವುದಕ್ಕೂ ಬಂದಿತು.

ಆಗಲಿ, ಇನ್ನು ಕೆಲಸದ ಮಾತಿಗೆ ಬರೋಣ.

ಮೊದಲು ತಿಳಿಯಬೇಕಾದದ್ದು ಹೊತ್ತು. ಕಿತ್ತ ಹೂವೂ ಉಸಿರಾಡುತ್ತದೆ. ಸೆಕೆ ಹತ್ತು ಡಿಗ್ರಿ ಏರಿದರೆ ಆ ಉಸಿರಾಟ ಎರಡು ಮೂರು ಪಟ್ಟಾಗಿ, ಅದು ಕೂಡಿಟ್ಟುಕೊಂಡ ಬುತ್ತಿ ಬೇಗ ತೀರುತ್ತದೆ. ಆದುದರಿಂದ ದೂರದ ಊರಿನಿಂದ ಮಗ ಬರುವವರೆಗೆ ಒಂದು ಹಗಲು ಒಂದು ರಾತ್ರಿ ಕಾಯಬೇಕಾದ ಮನೆಗೂ, ಮೂರು ಗಂಟೆಯೊಳಗೆ ಎತ್ತುವ ಮನೆಗೂ ಒಂದೇ ಹೂ ಸಲ್ಲದು. ಮಲ್ಲಿಗೆಯ ಮೊಗ್ಗು ಸಂಜೆಗೆ ಅರಳಿ ಮರುಬೆಳಗಿಗೆ ಕಂದುತ್ತದೆ. ಸಾವು ಸಂಜೆಗಾದರೆ, ರಾತ್ರಿಯೆಲ್ಲ ಎಚ್ಚರವಿರುವವರ ಜೊತೆಗೆ ತಾನೂ ಎಚ್ಚರವಿರುವ ಹೂ ಅದೊಂದೇ. ನಡುಹಗಲಿಗೆ ಅದನ್ನು ತಂದರೆ ಕಣ್ಣೆದುರೇ ಬಾಡಿ ಮನಸ್ಸಿಗೆ ಇನ್ನಷ್ಟು ಕಷ್ಟ. ದಾಸವಾಳ ಒಂದು ದಿನದ್ದು. ಚೆಂಡುಹೂ, ಸೇವಂತಿಗೆ, ಕನಕಾಂಬರಗಳು ನೆರಳಿನಲ್ಲಿ ಎರಡು ದಿನ ಮುಖ ಕೆಡಿಸಿಕೊಳ್ಳವು. ಕನಕಾಂಬರ ನಮ್ಮ ದೇಶದ್ದೇ ಹೂ. ತೂಕವಿಲ್ಲ, ವಾಸನೆಯೂ ಇಲ್ಲ. ಸುಗಂಧರಾಜದ ಕಡ್ಡಿಯನ್ನು ನೀರಿನಲ್ಲಿಟ್ಟರೆ ಕೆಳಗಿನ ಮೊಗ್ಗಿನಿಂದ ಮೇಲಕ್ಕೆ ದಿನಕ್ಕಿಷ್ಟರಂತೆ ಅರಳುತ್ತ ಹೋಗುತ್ತದೆ.

ಈಗ ಪೇಟೆಗೆ ಬರುತ್ತಿರುವ ಆಂಥೂರಿಯಂ, ಹೆಲಿಕೋನಿಯ, ಆರ್ಕಿಡ್‌ಗಳ ಮಾತು ಬೇರೆ. ಕೊಡಗು ಮಲೆನಾಡುಗಳಲ್ಲಿ ಕಾಫಿತೋಟದವರು ನೆರಳುಬಲೆಯ ಕೆಳಗೆ ಆಂಥೂರಿಯಂ ಬೆಳೆಯುತ್ತಾರೆ. ಅದರಲ್ಲಿ ನಾವು ಹೂವೆಂದು ಕರೆಯುವ ಕೆಂಪು ಭಾಗ ನಿಜಕ್ಕೂ ಎಲೆಯ ಒಂದು ರೂಪ. ಹೂಗಳಿರುವುದು ನಡುವಣ ಬೆರಳಿನಂಥ ದಿಂಡಿನ ಮೇಲೆ, ಕಣ್ಣಿಗೆ ಕಾಣದಷ್ಟು ಚಿಕ್ಕವು. ಹೆಲಿಕೋನಿಯದ ಕೆಂಪು ಹಳದಿ ದೋಣಿಗಳೂ ಎಲೆಯ ಸಂಬಂಧಿಗಳೇ. ಎಸಳಿಗಿಂತ ಎಲೆ ಗಟ್ಟಿಯಲ್ಲವೆ? ಅದಕ್ಕೇ ಆಂಥೂರಿಯಂ ನೀರಿನಲ್ಲಿಟ್ಟರೆ ಎರಡು ವಾರ ನಿಲ್ಲುತ್ತದೆ. ಆದರೆ ಇವಕ್ಕೆ ಶೀತ ಆಗದು. ಬಿಸಿನಾಡಿನ ಈ ಹೂಗಳನ್ನು 12-13 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದ ಎಡೆಯಲ್ಲಿಟ್ಟರೆ ಮೈ ಕಪ್ಪಿಡುತ್ತದೆ. ಮನೆಯ ಶೀತಪೆಟ್ಟಿಗೆ ಅದಕ್ಕಿಂತ ಎಷ್ಟೋ ತಂಪು. ಗುಲಾಬಿ, ಸೇವಂತಿಗೆಗಳಿಗೆ ಹಿತವಾದ ಚಳಿ ಇವಕ್ಕೆ ಬೇನೆ. ಈಚೆಗೆ ದೇಹವನ್ನಿಡಲು ತರಿಸುವ ಗಾಜಿನ ಮುಚ್ಚಳದ ಶೀತಪೆಟ್ಟಿಗೆಯ ಒಳಗೆ ಆಂಥೂರಿಯಂ ಇಟ್ಟು, ಬೆಳಗಾಗುವುದರೊಳಗೆ ಅದು ಸುಟ್ಟ ಗಾಯದಂತೆ ಕಾಣುವುದನ್ನು ನೋಡಿ ಮನೆಯವರು ಬೆಚ್ಚಿದ್ದನ್ನು ನಾನು ಕಂಡಿದ್ದೇನೆ. ಒಳಗೆ ಇಡಲೇಬೇಕೆಂದರೆ ಒಂದಿಷ್ಟು ತುಳಸಿ ಸಾಕು. ಹೂ ಹೊರಗಿರಲಿ.

ಎರಡನೆಯದು ಹೂವನ್ನು ಹಿಡಿದಿಡುವ ತಳ. ಹೂವಿನ ಅಂಗಡಿಯವರು ಹಸಿರು ಇಟ್ಟಿಗೆಯಂಥ ಹಗುರವಾದ ನೊರೆಗಟ್ಟಿಯಲ್ಲಿ ಕಡ್ಡಿ ಚುಚ್ಚುತ್ತಾರೆ. 1954ರಲ್ಲಿ ಅಮೆರಿಕದ ಓಹೈಯೊ ಸಂಸ್ಥಾನದ ವರ್ನನ್ ಸ್ಮಿದರ್ಸ್ ಎಂಬಾತ ಬಳಕೆಗೆ ತಂದ ವಸ್ತುವದು. ನೀರನ್ನು ಚೆನ್ನಾಗಿ ಹೀರಿಕೊಂಡಿರುತ್ತದೆ, ನಿಜ. ಆದರೆ ಪ್ಲಾಸ್ಟಿಕ್ ಜಾತಿಯದು. ಮಣ್ಣಿಗೆ ಹೋದರೆ ಪುಡಿಯಾಗುತ್ತದೆಯೇ ಹೊರತು ಕೊಳೆಯುವುದಿಲ್ಲ. ನಮ್ಮ ಹಿತ್ತಿಲಲ್ಲಿ ಇದಕ್ಕಿಂತ ಮೇಲಾದದ್ದು ಬಾಳೆದಿಂಡು. ಅದರ ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲಿನಷ್ಟು ನೀರೇ. ಗೊನೆ ಕಡಿದ ಬಾಳೆಯ ಹೊರಪಟ್ಟೆ ತೆಗೆದು, ಒಂದು ಮೊಳದ ತುಂಡನ್ನು ಉದ್ದಕ್ಕೆ ಸೀಳಿ, ಸೀಳಿದ ಮುಖವನ್ನು ಕೆಳಗೆ ಮಾಡಿ ಎಲೆಯ ಮೇಲಿಡಿ. ಹಂಚಿಕಡ್ಡಿಯಿಂದ ಮೊದಲು ತೂತು ಮಾಡಿ, ಓರೆಯಾಗಿ ಕತ್ತರಿಸಿದ ಹೂವಿನ ಕಡ್ಡಿಯನ್ನು ಎರಡು ಅಂಗುಲ ಇಳಿಸಿದರೆ ಅಲುಗದೆ ನಿಲ್ಲುತ್ತದೆ. ನೀರೂ ಅದಕ್ಕೆ ಅಲ್ಲಿಂದಲೇ. ಒಂದು ಎಚ್ಚರಿಕೆ: ಬಾಳೆಯ ಸೊನೆ ಬಿಳಿಯ ಬಟ್ಟೆಗೆ ತಗುಲಿದರೆ ಕರೆ ಹೋಗದು. ಎಲೆಯನ್ನು ಅಡಿಗೆ ಹಾಸುವುದು ಮರೆಯಬಾರದು.

ಚಕ್ರವೇ ಬೇಕೆನ್ನುವವರು ಭತ್ತದ ಹುಲ್ಲನ್ನು ತೋಳುಗಾತ್ರ ಹೊಸೆದು ಬಳೆಯಂತೆ ಬಗ್ಗಿಸಿ ಬಾಳೆನಾರಿನಿಂದ ಬಿಗಿದರೆ ಆಯಿತು. ಅಗಲ ಒಂದು ಮೊಳ ಮೀರದಿರಲಿ. ಅದರ ಮೇಲೆ ಗಾಳಿಮರದ ಸೊಪ್ಪನ್ನೋ ಜರೀಗಿಡದ ಎಲೆಯನ್ನೋ ಹೊದಿಸಿ ಹೂವನ್ನು ಸಿಕ್ಕಿಸಿ. ಮಾವಿನೆಲೆ ಬೇಡ, ತೋರಣಕ್ಕೆ ಕಟ್ಟುವ ಎಲೆಯನ್ನು ಇಲ್ಲಿ ಕಂಡರೆ ಹಿರಿಯರಿಗೆ ನೋವಾಗುತ್ತದೆ. ಕಟ್ಟುವ ದಾರವೂ ನಾರಿನದೋ ಹತ್ತಿಯದೋ ಆಗಿರಲಿ. ದೇವಕಣಗಿಲೆಯನ್ನು ಕಿತ್ತೊಡನೆ ಬಳಸಬೇಡಿ. ತೊಟ್ಟಿನ ಹಾಲು ಒಸರುವುದು ನಿಲ್ಲುವವರೆಗೆ ನೀರಿನಲ್ಲಿ ತೇಲಿಬಿಟ್ಟು ಆಮೇಲೆ ತೆಗೆದುಕೊಳ್ಳಿ. ಆ ಹಾಲು ಕೆಲವರ ಚರ್ಮಕ್ಕೆ ಆಗದು. ಕೆಂಪು ಕಣಗಿಲೆಯ ಗಿಡವಂತೂ ಬೇರಿನಿಂದ ಹೂವಿನವರೆಗೆ ವಿಷ. ಹಾರದಲ್ಲಿ ಚೆಂದವಾದರೂ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಉದುರಿದ್ದನ್ನು ಕೂಡಲೇ ಗುಡಿಸಬೇಕು.

ಇನ್ನು ಬಣ್ಣ. ಭರತಮುನಿ ನಾಟ್ಯಶಾಸ್ತ್ರದಲ್ಲಿ ಒಂದೊಂದು ರಸಕ್ಕೆ ಒಂದೊಂದು ವರ್ಣ ಹೇಳಿದ್ದಾನೆ. ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ರೌದ್ರಕ್ಕೆ ಕೆಂಪು. ಕರುಣಕ್ಕೆ ಕಪೋತ, ಅಂದರೆ ಪಾರಿವಾಳದ ಬೂದು. ಇಡೀ ಹೂವಿನ ಪೇಟೆಯನ್ನು ಸುತ್ತಿದರೂ ಪಾರಿವಾಳದ ಬಣ್ಣದ ಹೂ ನನಗೆ ಸಿಕ್ಕಲಿಲ್ಲ! ಪ್ರಕೃತಿಗೆ ಕರುಣರಸದ ಹೂ ಮಾಡುವ ಮನಸ್ಸಿರಲಿಲ್ಲವೋ ಏನೋ. ಅದಕ್ಕಿಂತ ತಮಾಷೆಯೆಂದರೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದ ಸುಗಂಧರಾಜದ ಹೆಸರಾಂತ ತಳಿಯೊಂದರ ಹೆಸರು ಶೃಂಗಾರ್. ಶೃಂಗಾರವು ಕರುಣದ ಮನೆಗೆ ಹೀಗೆ ಹಾರವಾಗಿ ಬರುವುದನ್ನು ನಮ್ಮ ಆಲಂಕಾರಿಕರು ಕಂಡಿದ್ದರೆ ಅದಕ್ಕೊಂದು ಲಕ್ಷಣಸೂತ್ರ ಬರೆಯುತ್ತಿದ್ದರು.

ಬಣ್ಣದಲ್ಲಿ ನಾನು ಕಲಿತದ್ದು ಇಷ್ಟೇ: ಬಿಳುಪು, ಹಸಿರು, ಅವುಗಳೊಡನೆ ಇನ್ನೊಂದೇ ಒಂದು ಬಣ್ಣ. ನಾಡಿನ ಹಿರಿಯರೊಬ್ಬರು ಗತಿಸಿದ ದಿನ ರೇಡಿಯೋದಲ್ಲಿ ಎಂದಿನ ಹಾಡುಗಳು ನಿಂತು ಒಂಟಿ ವಾದ್ಯ ಕೇಳಿಬರುತ್ತದೆಯಲ್ಲವೆ? ರೇಡಿಯೋ ಇರುವ ಮನೆಯವರಾದ ನಿಮಗೆ ಅದರ ಪರಿಣಾಮ ಗೊತ್ತು. ಹತ್ತು ವಾದ್ಯದ ಮೇಳಕ್ಕೆ ಆ ದಿನ ಕಿವಿ ಒಪ್ಪದು. ಹತ್ತು ಬಣ್ಣಕ್ಕೆ ಕಣ್ಣೂ ಒಪ್ಪದು. ಆದರೆ ಈ ನಿಯಮವನ್ನು ಹಿಡಿದು ಜಗಳಕ್ಕೆ ನಿಲ್ಲಬೇಡಿ. ಮುತ್ತೈದೆಯಾಗಿ ತೀರಿಕೊಂಡ ಹೆಂಗಸಿಗೆ ಅರಿಸಿನ ಕುಂಕುಮ ಹಚ್ಚಿ ಮುಡಿತುಂಬ ಬಣ್ಣದ ಹೂ ಮುಡಿಸುವ ಮನೆಗಳುಂಟು. ಮೊಮ್ಮಕ್ಕಳ ಮಕ್ಕಳನ್ನು ಕಂಡು ಹೋದ ಮುದುಕರನ್ನು ಹಬ್ಬದ ಹಾಗೆ ವಾಲಗ ಊದಿಸಿ ಕಳುಹಿಸುವ ಊರುಗಳುಂಟು. ಅಲ್ಲಿ ನಿಮ್ಮ ಬಿಳುಪಿಗೆ ಬೆಲೆಯಿಲ್ಲ. ಹೂ ತರುವುದಕ್ಕೆ ಮೊದಲು ಆ ಮನೆಯ ಹಿರಿಯ ಹೆಂಗಸೊಬ್ಬರನ್ನು ಮೆಲ್ಲಗೆ ಕೇಳಿ, "ಅಮ್ಮಾ, ನಿಮ್ಮಲ್ಲಿ ಯಾವ ಹೂ ಹಾಕುತ್ತೀರಿ? ಅವರಿಗೆ ಯಾವುದು ಇಷ್ಟವಿತ್ತು?" ಎಂದು. ಎಷ್ಟೋ ಸಲ ಆ ಪ್ರಶ್ನೆಗೆ ಉತ್ತರ ಹೇಳುವಾಗಲೇ ಅದುವರೆಗೆ ಬರದಿದ್ದ ಅಳು ಬರುತ್ತದೆ. ಬಂದರೆ ಒಳ್ಳೆಯದೇ.

ವಾಸನೆಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಟವಾದಿ. ನಮ್ಮ ತಾಯಿ ತೀರಿಕೊಂಡ ರಾತ್ರಿ ಕಿಟಕಿ ಮುಚ್ಚಿದ ಚಿಕ್ಕ ಕೋಣೆಯಲ್ಲಿ ಸುಗಂಧರಾಜದ ಆರೇಳು ದಪ್ಪ ಹಾರಗಳಿದ್ದವು. ಮುಂದೆ ಎಂಟು ಹತ್ತು ವರ್ಷ ಯಾರ ಮದುವೆಯ ಮಂಟಪಕ್ಕೆ ಹೋದರೂ ಆ ಕಂಪು ಬಂದೊಡನೆ ನನಗೆ ಆ ಕೋಣೆಯೇ ಕಣ್ಣಿಗೆ ಕಟ್ಟುತ್ತಿತ್ತು. ಊಟಕ್ಕೆ ಕೂಡದೆ ಎದ್ದುಬಂದಿದ್ದೇನೆ. ವಾಸನೆಯ ನೆನಪಿನಷ್ಟು ಗಟ್ಟಿ ನೆನಪು ಇನ್ನೊಂದಿಲ್ಲ. ಉಳಿದವರು ಮುಂದೆಯೂ ಆ ಹೂವಿನ ಜೊತೆಗೆ ಬಾಳಬೇಕು. ಆದುದರಿಂದ ಮುಚ್ಚಿದ ಕೋಣೆಯಲ್ಲಿ ಘಾಟಿನ ಹೂವನ್ನು ರಾಶಿ ಹಾಕಬೇಡಿ, ಸುಗಂಧರಾಜ ಅಂಗಳದಲ್ಲಿರಲಿ. ಒಳಗೆ ಕಂಪು ಬೇಕೆಂದರೆ ದವನ, ಮರುಗ, ತುಳಸಿಗಳನ್ನು ಒಂದು ಹಿಡಿ ಇಡಿ. ಅವುಗಳ ವಾಸನೆ ಹತ್ತಿರ ಬಂದವರಿಗಷ್ಟೇ ಮುಟ್ಟುತ್ತದೆ.

ಇಡುವ ಕ್ರಮಕ್ಕೆ ದೊಡ್ಡ ವಿದ್ಯೆ ಬೇಡ. ಮುಖ, ಎರಡು ಕೈ, ಪಾದ, ಇವು ಕೊನೆಯವರೆಗೆ ಕಾಣುತ್ತಿರಬೇಕು. ತಲೆಯ ಹಿಂದೆ ಎತ್ತರದ ಕಡ್ಡಿಹೂಗಳು, ಎರಡು ಪಕ್ಕದಲ್ಲಿ ತಗ್ಗಾಗಿ ಸರ, ಪಾದದ ಬಳಿ ಖಾಲಿ ಜಾಗ. ದೇಹದ ಮೇಲೆ ಮನೆಯವರದೊಂದು ಹಾರ ಸಾಕು. ಬಂದವರ ಹಾರಗಳನ್ನು ಪಾದಕ್ಕೆ ಮುಟ್ಟಿಸಿ ಗೋಡೆಯ ಬದಿಯ ಬಿದಿರುಗಳದ ಮೇಲೆ ತೂಗುಹಾಕಬಹುದು. ಹೆಲಿಕೋನಿಯದಂಥ ಗಿಡ್ಡಬಗ್ಗದ ಗಟ್ಟಿ ಹೂಗಳನ್ನು ಬಾಗಿಲ ಬಳಿಯೋ ಶವವಾಹನದ ನಾಲ್ಕು ಮೂಲೆಗೋ ಕಟ್ಟಿ. ಬಿಸಿಲು ಗಾಳಿಗಳನ್ನು ತಡೆಯುವ ಶಕ್ತಿ ಅವಕ್ಕುಂಟು. ವಾಹನದ ಗಾಜನ್ನು ಮಾತ್ರ ಮುಚ್ಚಬೇಡಿ, ಚಾಲಕನಿಗೆ ದಾರಿ ಕಾಣಬೇಕು.

ನಾನು ಮುಖ್ಯವೆಂದು ಎಣಿಸುವುದು ಪಾದದ ಬಳಿಯ ಆ ಖಾಲಿ ಜಾಗವನ್ನು. ಅಲ್ಲೊಂದು ಬುಟ್ಟಿಯಲ್ಲಿ ಬಿಡಿಹೂ ಇಡಿ. ಸೇವಂತಿಗೆ, ಚೆಂಡುಹೂವಿನ ಎಸಳು, ದೇವಕಣಗಿಲೆ, ಹಿತ್ತಿಲಲ್ಲಿ ಏನು ಸಿಕ್ಕಿದರೆ ಅದು. ಸಾವಿನ ಮನೆಗೆ ಬಂದವನಿಗೆ ಕೈಯನ್ನು ಏನು ಮಾಡಬೇಕೆಂದು ತಿಳಿಯುವುದಿಲ್ಲ. ಬಾಯಲ್ಲಿ ಮಾತು ಬರುವುದಿಲ್ಲ. ಒಂದು ಹಿಡಿ ಹೂ ತೆಗೆದುಕೊಂಡು ಪಾದಕ್ಕೆ ಹಾಕುವ ಕೆಲಸ ಸಿಕ್ಕಿದರೆ ಆ ಕೈಗೂ ಒಂದು ನೆಲೆ, ಮಾತಿಗೂ ಒಂದು ಬದಲು. ಹಾರ ತರಲು ಹಣವಿಲ್ಲದೆ ಬಾಗಿಲಲ್ಲಿಯೇ ನಿಂತ ಹಳೆಯ ಆಳುಮಗನೂ ಒಳಗೆ ಬಂದು ಹೂ ಹಾಕಿ ಹೋಗುತ್ತಾನೆ. ಪುಟ್ಟ ಮಕ್ಕಳನ್ನು ಇಂಥಲ್ಲಿಂದ ಆಚೆ ಕಳುಹಿಸುವುದು ನಮ್ಮ ವಾಡಿಕೆ. ಕಳುಹಿಸುವ ಮೊದಲು ಅವರ ಕೈಯಲ್ಲಿಯೂ ಒಂದು ಹೂ ಹಾಕಿಸಿ.

ಹೊರಡುವ ಮುನ್ನ ಒಂದು ಕೆಲಸ ಉಳಿಯುತ್ತದೆ. ಹಾರಗಳ ನಡುವೆ ಸೇರಿಸಿರುವ ಜರಿಕಾಗದ, ಪ್ಲಾಸ್ಟಿಕ್ ಮಣಿ, ತಂತಿ, ಹೊಂಬಣ್ಣದ ಪಟ್ಟಿ, ಇವನ್ನೆಲ್ಲ ಮನೆಯಲ್ಲಿಯೇ ಬಿಡಿಸಿ ತೆಗೆಯಬೇಕು. ವಿದ್ಯುತ್ ಚಿತಾಗಾರದಲ್ಲಿ ಇವು ಉರಿದರೆ ಕೆಟ್ಟ ಹೊಗೆ. ಮಣ್ಣು ಮಾಡುವವರ ಗುಂಡಿಯಲ್ಲಿ ಇವು ಎಂದಿಗೂ ಮಣ್ಣಾಗವು. ಮಿಕ್ಕ ಹೂವನ್ನು ಕೆರೆಗೆ ಹಾಕುವುದು ಪುಣ್ಯವೆಂದು ಕೆಲವರು ತಿಳಿದಿದ್ದಾರೆ. ರಾಶಿ ಹೂ ನೀರಿನಲ್ಲಿ ಕೊಳೆತರೆ ನೀರಿನ ಪ್ರಾಣವಾಯು ಕುಂದಿ ಮೀನು ಸಾಯುತ್ತವೆ. ತೆಂಗಿನ ಬುಡದಲ್ಲಿ ಗುಂಡಿ ತೋಡಿ ಮುಚ್ಚಿದರೆ ಎರಡು ಮೂರು ತಿಂಗಳಲ್ಲಿ ಒಳ್ಳೆಯ ಗೊಬ್ಬರ.

ಗುರುಪತ್ನಿಯವರೂ ಆಮೇಲೆ ಹೆಚ್ಚು ದಿನ ಇರಲಿಲ್ಲ. ಅವರು ಹೋದ ದಿನ ನಾನು ಚಕ್ರ ಒಯ್ಯಲಿಲ್ಲ. ನಸುಕಿನಲ್ಲಿಯೇ ಹೋಗಿ, ಅವರ ಮೊಮ್ಮಗಳನ್ನು ಕರೆದುಕೊಂಡು ಹಿತ್ತಿಲ ದೇವಕಣಗಿಲೆಯ ಬುಡದಲ್ಲಿ ರಾತ್ರಿ ಉದುರಿದ್ದ ಹೂಗಳನ್ನು ಆರಿಸಿದೆ. ಅವಳು, "ಬಿದ್ದ ಹೂ ಇಡಬಹುದಾ ಮೇಷ್ಟ್ರೇ?" ಎಂದಳು. ನನಗೆ ಶಾಸ್ತ್ರ ನೆನಪಾಗಲಿಲ್ಲ. "ನಿಮ್ಮಜ್ಜಿ ದಿನಾ ಇದನ್ನೇ ಅಲ್ಲವೇನಮ್ಮ ಆರಿಸುತ್ತಿದ್ದದ್ದು" ಎಂದೆ. ಬುಟ್ಟಿ ಅರ್ಧವೇ ತುಂಬಿತು. ಉಳಿದರ್ಧಕ್ಕೆ ಪೇಟೆಯಿಂದ ಬಿಳಿಯ ಸೇವಂತಿಗೆ ತಂದೆವು. ಬಂದವರೆಲ್ಲ ಒಂದೊಂದು ಹಿಡಿ ಹಾಕಿದರು. ಮುಖವೂ ಕೈಗಳೂ ಕೊನೆಯವರೆಗೆ ಕಾಣುತ್ತಿದ್ದವು.

ಬುಟ್ಟಿಯ ಮಾತೊಂದು ಬಾಕಿ. ಹೂವಾಡಗಿತ್ತಿಯರು ಇಂಥ ಮನೆಗೆ ಬಿಡಿಹೂವನ್ನು ತಮ್ಮ ಬುಟ್ಟಿಯಲ್ಲಿಯೇ ಕೊಟ್ಟು ಕಳುಹಿಸುವುದುಂಟು. ನಾಚಿಕೆಯಿಂದ ಮುಂಗಡ ಕೇಳುವುದಿಲ್ಲ, ಮರಳಿಸಿರೆಂದು ಹೇಳಿಕಳುಹಿಸುವುದೂ ಇಲ್ಲ. ಮರುದಿನ ಬೆಳಗಿನ ವ್ಯಾಪಾರಕ್ಕೆ ಅವಳಿಗೆ ಅದು ಬೇಕು. ತೊಳೆದು, ಯಾರ ಕೈಯಲ್ಲಾದರೂ ಸಂಜೆಯೊಳಗೆ ಕಳುಹಿಸಿಕೊಡಿ.